ಮನೆವಾರ್ತೆ: ಮೂಲೆ ಸೇರಿದ ಗಿಟಾರು



ನಮ್ಮವರ ಅನೇಕ ಮನೆಗಳಲ್ಲಿ ಈಗ ವೀಣೆ, ಪಿಟೀಲು, ಹಾರ್ಮೋನಿಯಮ್ಮುಗಳ ಸಾಲಿಗೆ ಎಲೆಕ್ಟ್ರಿಕ್ ಗಿಟಾರೂ ಬಂದು ಸೇರಿದೆ. ಹಟಮಾಡಿ ತರಿಸಿಕೊಂಡ ಮಗನೋ ಮಗಳೋ ಮೂರು ತಿಂಗಳು ಊಟ ನಿದ್ದೆ ಮರೆತು ನುಡಿಸುವುದು, ನಾಲ್ಕನೆಯ ತಿಂಗಳು ಅದು ಬೀರುವಿನ ಹಿಂದೆ ಸೇರುವುದು, "ಇವನಿಗೆ ಒಂದರಲ್ಲೂ ನೆಲೆಯಿಲ್ಲ" ಎಂದು ತಂದೆಯವರು ಗೊಣಗುವುದು, ಇದು ಮನೆಮನೆಯ ಕಥೆ. ಆದರೆ ತೀರ್ಪು ಕೊಡುವ ಮೊದಲು ಒಂದು ವಿಜ್ಞಾಪನೆ: ಮಗುವನ್ನು ಪರೀಕ್ಷಿಸುವ ಮುನ್ನ ವಾದ್ಯವನ್ನು ಪರೀಕ್ಷಿಸಿರಿ. ತಂತಿ ಬಹಳ ಎತ್ತರದಲ್ಲಿದ್ದರೆ ಬೆರಳು ನೋಯುತ್ತದೆ. ಒತ್ತಿದಾಗ ತಂತಿ ಹೆಚ್ಚು ಬಿಗಿಯುವುದರಿಂದ ಸ್ವರವೂ ಏರಿ ಅಪಸ್ವರವಾಗುತ್ತದೆ. ಎಳೆಯರು ಇದನ್ನು ವಾದ್ಯದ ದೋಷವೆಂದು ತಿಳಿಯರು. ತಮಗೆ ವಿದ್ಯೆ ಒಲಿಯಲಿಲ್ಲವೆಂದೇ ಬಗೆದು ಕೈಬಿಡುತ್ತಾರೆ.

ವೀಣೆಯಿರುವ ಮನೆಯವರಿಗೆ ಇದು ಹೊಸ ಮಾತಲ್ಲ. ವೀಣೆಯ 24 ಮೆಟ್ಟುಗಳು ಮೇಣದ ಮೇಲೆ ಕುಳಿತಿರುತ್ತವೆ. ಮೇಣ ಸಡಿಲಿದಾಗ ಕುಶಲಿಗಳನ್ನು ಕರೆಸಿ ಮೇಳ ಕಟ್ಟಿಸುತ್ತೇವೆಯೇ ಹೊರತು ಹುಡುಗಿಯನ್ನು ಗದರಿಸುವುದಿಲ್ಲ. ಗಿಟಾರಿಗೂ ಅದೇ ನ್ಯಾಯ. ಅದನ್ನು ಸರಿಹೊಂದಿಸುವ ಕೆಲಸಕ್ಕೆ ಗಿಟಾರು ಬಲ್ಲವರು 'ಸೆಟಪ್' ಎನ್ನುತ್ತಾರೆ.

ಎಲೆಕ್ಟ್ರಿಕ್ ಗಿಟಾರು ಹೀಗೆ ಸರಿಹೊಂದಿಸಿಕೊಳ್ಳಲೆಂದೇ ಮಾಡಿದ ವಾದ್ಯ. ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು. 1954ರಲ್ಲಿ ಹೊರಬಂದ ಅವರ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಕುದುರೆಯಲ್ಲಿ ಆರು ತಂತಿಗಳಿಗೆ ಆರು ಪ್ರತ್ಯೇಕ ಆಸನಗಳುಂಟು. ಒಂದೊಂದನ್ನೂ ಏರಿಸಿ ಇಳಿಸಲು, ಹಿಂದೆ ಮುಂದೆ ಸರಿಸಲು ಸ್ಕ್ರೂಗಳುಂಟು. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ಗಿಟಾರುಗಳಲ್ಲಿ ಬಹುಪಾಲು ಇದೇ ಅಚ್ಚಿನವು. ಆ ಸ್ಕ್ರೂಗಳು ಅಲಂಕಾರಕ್ಕಲ್ಲ.

ಇನ್ನು ಪರಊರಿನಲ್ಲಿರುವ ನಮಗೆ ಹವೆಯ ವಿಚಾರ ಮುಖ್ಯ. ಗಿಟಾರು ಮರದ್ದು, ಗಾಳಿಯಲ್ಲಿ ಶೇಕಡ 45ರಿಂದ 55ರಷ್ಟು ತೇವವಿದ್ದರೆ ಅದಕ್ಕೆ ಹಿತ. ಮುಂಬಯಿಯ ಮಳೆಗಾಲದಲ್ಲಿ ತೇವ ಶೇಕಡ 80ನ್ನು ಮೀರುತ್ತದೆ. ದೆಹಲಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿ ಒಣಗಿ ಬೆಂಕಿಯಾಗಿರುತ್ತದೆ. ಮುಂಬಯಿಯಿಂದ ದೆಹಲಿಗೆ ವರ್ಗವಾದವರ ಗಿಟಾರು ಅಲ್ಲಿ ಕೈಗೆ ತರಚುವುದುಂಟು. ಏತಕ್ಕೆಂದರೆ ಹಲಗೆ ಅಗಲದಲ್ಲಿ ಕುಗ್ಗಿದಾಗ ಲೋಹದ ಮೆಟ್ಟುಗಳ ತುದಿ ಅಂಚಿನಾಚೆ ಇಣುಕುತ್ತದೆ. ಚೆನ್ನೈ, ಮುಂಬಯಿಗಳ ಕಡಲ ಗಾಳಿಯಲ್ಲಿ ತಂತಿಗೆ ಬೇಗ ತುಕ್ಕು. ಆದುದರಿಂದ ಮನೆ ಬದಲಿಸಿದವರು ಒಂದೆರಡು ವಾರ ಕಾದು, ವಾದ್ಯ ಹೊಸ ಹವೆಗೆ ಒಗ್ಗಿದ ಮೇಲೆ ಸೆಟಪ್ ಮಾಡಬೇಕು. ಬಿಸಿಲು ಬೀಳುವ ಕಿಟಕಿಯ ಬಳಿ, ನಿಲ್ಲಿಸಿದ ಕಾರಿನಲ್ಲಿ, ನೀರಿಳಿಯುವ ಗೋಡೆಗೆ ಒರಗಿಸಿ ಇಡಕೂಡದು.

ಈಗ ಪರೀಕ್ಷೆಯ ಕ್ರಮ. ಈ ಕ್ರಮವನ್ನು ತಪ್ಪಿಸಬಾರದು. ಒಂದನ್ನು ತಿರುಗಿಸಿದರೆ ಮುಂದಿನದು ಬದಲಾಗುತ್ತದೆ.

ಮೊದಲನೆಯದು ತಂತಿ. ಮುಟ್ಟಿದರೆ ದೊರಗಾಗಿ, ಕಪ್ಪಾಗಿದ್ದರೆ ಆರನ್ನೂ ಬದಲಾಯಿಸಿರಿ. ಹಳೆಯ ತಂತಿಯ ಮೇಲೆ ಮಾಡಿದ ಸೆಟಪ್ ವ್ಯರ್ಥ. ಕಲಿಯುವವರಿಗೆ 9ರ ಸೆಟ್ಟು, ಅಂದರೆ ಅತಿ ಸಣ್ಣ ತಂತಿ ಅಂಗುಲದ ಸಾವಿರದಲ್ಲಿ 9 ಪಾಲು ದಪ್ಪವಿರುವುದು, ಬೆರಳಿಗೆ ಸುಖ. ತಂತಿ ಉಕ್ಕು ಅಥವಾ ನಿಕ್ಕಲಿನದಾಗಿರಬೇಕು. ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ; ಅದು ಕಾಂತಕ್ಕೆ ಸಿಕ್ಕುವ ಲೋಹದ ಕಂಪನವನ್ನಷ್ಟೇ ಗ್ರಹಿಸಬಲ್ಲುದು. ನೈಲಾನ್ ತಂತಿ ಕಟ್ಟಿದರೆ ಅದು ಮೂಕವೇ ಸರಿ. ಹೊಸ ತಂತಿಯನ್ನು ಬಿರಡೆಗೆ ಎರಡು ಮೂರು ಸುತ್ತು ಸುತ್ತಿ, ಮೆಲ್ಲಗೆ ಎಳೆದು ಎಳೆದು, ಶ್ರುತಿ ನಿಲ್ಲುವವರೆಗೆ ಸರಿಮಾಡಬೇಕು.

ಎರಡನೆಯದು ದಂಡಿ, ಅಂದರೆ ನೆಕ್. 9ರ ಸೆಟ್ಟಿನ ಆರು ತಂತಿಗಳು ಸೇರಿ ಸುಮಾರು 40 ಕಿಲೋಗ್ರಾಂ ಭಾರದಷ್ಟು ಬಲದಿಂದ ಅದನ್ನು ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ದಂಡಿಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳುಂಟು. ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲಿಯೂ, ದಂಡಿ ಒಡಲನ್ನು ಕೂಡುವ ಮೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, 7 ಅಥವಾ 8ನೆಯ ಮೆಟ್ಟಿನ ಮೇಲೆ, ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು, ಸುಮಾರು ಕಾಲು ಮಿಲಿಮೀಟರು ಸಂದು ಇರಬೇಕು. ಸಂದು ಹೆಚ್ಚಿದ್ದರೆ ಸರಳಿನ ತಿರುಪನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಬಿಗಿಗೊಳಿಸಬೇಕು. ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಶ್ರುತಿ ಮಾಡಿ ಮತ್ತೆ ನೋಡಬೇಕು. ತಿರುಪು ಬಿಗಿಯಾಗಿ ಹಟಮಾಡಿದರೆ ನೀವು ಹಟಮಾಡದಿರಿ. ಸರಳು ಮುರಿದರೆ ರಿಪೇರಿಯ ವೆಚ್ಚ ವಾದ್ಯದ ಬೆಲೆಯನ್ನೇ ಮೀರಬಹುದು.

ಮೂರನೆಯದು ತಂತಿಯ ಎತ್ತರ. 12ನೆಯ ಮೆಟ್ಟಿನ ನೆತ್ತಿಯಿಂದ ದಪ್ಪ ತಂತಿಯ ಕೆಳಭಾಗಕ್ಕೆ ಸುಮಾರು 2 ಮಿಲಿಮೀಟರು, ಸಣ್ಣ ತಂತಿಗೆ ಒಂದೂವರೆ. ಶಾಲೆಯ ಅಡಿಕೋಲೇ ಸಾಕು. ಆದರೆ ಅದರ ತುದಿಯಲ್ಲಿ ಅಂಕೆಯಿಲ್ಲದ ಅಂಚಿದ್ದರೆ ಅದನ್ನು ಕಳೆದು ಲೆಕ್ಕ ಹಾಕಿರಿ. 3 ಮಿಲಿಮೀಟರು ಮುಟ್ಟಿದ್ದರೆ ಮಗುವಿನ ಬೆರಳು ಏತಕ್ಕೆ ಬೊಬ್ಬೆಯೆದ್ದಿತೆಂಬುದು ತಾನೇ ತಿಳಿಯುತ್ತದೆ. ಕುದುರೆಯ ಚಿಕ್ಕ ಸ್ಕ್ರೂಗಳನ್ನು ತಿರುಗಿಸಿ ಇಳಿಸಿರಿ. ತೀರ ಇಳಿಸಿದರೆ ತಂತಿ ಮೆಟ್ಟಿಗೆ ತಾಕಿ ಕಿರಗುಟ್ಟುತ್ತದೆ.

ನಾಲ್ಕನೆಯದು ಸ್ವರಶುದ್ಧಿ. 12ನೆಯ ಮೆಟ್ಟು ತಂತಿಯ ನಡುಮಧ್ಯ. ಅಲ್ಲಿ ಬೆರಳನ್ನು ಒತ್ತದೆ ಮುಟ್ಟಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅದೇ ಮೆಟ್ಟಿನಲ್ಲಿ ಒತ್ತಿ ಮೀಟಿದ ಸ್ವರವೂ ಇದೂ ಒಂದೇ ಆಗಿರಬೇಕು. ಮೊಬೈಲಿನ ಟ್ಯೂನರ್ ಇದನ್ನು ತೋರಿಸುತ್ತದೆ. ಒತ್ತಿದ ಸ್ವರ ಏರಿದ್ದರೆ ಆ ತಂತಿಯ ಆಸನವನ್ನು ಹಿಂದಕ್ಕೆ, ಇಳಿದಿದ್ದರೆ ದಂಡಿಯ ಕಡೆಗೆ ಸರಿಸಿರಿ.

ಇವಿಷ್ಟರ ಮೇಲೆ ದಿನದ ಆರೈಕೆ ಬಹಳ ಸುಲಭ. ನುಡಿಸುವ ಮುನ್ನ ಕೈ ತೊಳೆಯುವುದು. ಚಕ್ಕುಲಿ ತಿಂದ ಕೈಯಿಂದ ತಂತಿ ಮುಟ್ಟದಿರುವುದು. ಮುಗಿಸಿದ ಮೇಲೆ ಹಳೆಯ ಪಂಚೆಯ ಒಣ ತುಂಡಿನಿಂದ ತಂತಿಗಳ ಮೇಲೂ ಕೆಳಗೂ ಒರೆಸುವುದು. ಬೆರಳಾಡುವ ಹಲಗೆ ಕಗ್ಗಂದಾಗಿ, ಮೆರುಗಿಲ್ಲದೆ ಇದ್ದರೆ ಅದು ಬೀಟೆಯಾಗಿರಬಹುದು. ನಮ್ಮ ಕೊಡಗು, ಮಲೆನಾಡುಗಳಲ್ಲಿ ಬೆಳೆಯುವ ಬೀಟೆಯನ್ನೇ ಗಿಟಾರಿನ ಲೋಕ ಇಂಡಿಯನ್ ರೋಸ್‌ವುಡ್ ಎಂದು ಕರೆಯುತ್ತದೆ. ಅಂಥ ಹಲಗೆಗೆ ವರ್ಷಕ್ಕೆ ಒಂದೆರಡು ಸಲ ಗಿಟಾರಿಗೆಂದೇ ಮಾರುವ ಎಣ್ಣೆಯನ್ನು ನಾಲ್ಕು ತೊಟ್ಟು ಹಚ್ಚಿ ಒರೆಸಿದರೆ ಸಾಕು. ತೆಂಗಿನೆಣ್ಣೆ ಬೇಡ, ಅದು ಕಮಟು ಹಿಡಿಯುತ್ತದೆ. ಮೆರುಗು ಕೊಟ್ಟ ಬಿಳಿ ಹಲಗೆಗೆ ಎಣ್ಣೆಯೇ ಬೇಡ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು ಕೂತಿದೆಯೆಂದು ತಿಳಿದು, ವಿದ್ಯುತ್ ಭಾಗಗಳಿಗೆಂದು ಮಾರುವ ಕಾಂಟ್ಯಾಕ್ಟ್ ಕ್ಲೀನರ್ ಹಾಕಿಸಬೇಕು.

ಕೊನೆಯದಾದರೂ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ತಂತಿಯನ್ನು ಮುಟ್ಟಿದಾಗ ಗುಂಯ್ ಎಂಬ ಸದ್ದು ನಿಂತರೆ ಭಯವಿಲ್ಲ, ಅದು ಸಹಜ. ಆದರೆ ಕೈ ಜುಮ್ಮೆಂದರೆ ತಕ್ಷಣ ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ಗು ಕೀಳಬೇಕು. ಆಂಪ್ಲಿಫೈಯರಿನ ಮೂರನೆಯ ಪಿನ್ನಿಗೆ ಅರ್ಥಿಂಗ್ ಇಲ್ಲವೆಂಬುದರ ಸೂಚನೆ ಅದಾಗಿರಬಹುದು. ಬಾಡಿಗೆ ಮನೆಯ ಹಳೆಯ ಸಾಕೆಟ್ಟಿಗೆ ಹೊಂದಲೆಂದು ಆ ಪಿನ್ನನ್ನು ಕತ್ತರಿಸುವವರುಂಟು. 230 ವೋಲ್ಟಿನೊಡನೆ ಆ ಸಲಿಗೆ ಕೂಡದು. ಎಲೆಕ್ಟ್ರಿಷಿಯನ್‌ಗೆ ತೋರಿಸಿದ ಹೊರತು ಮಕ್ಕಳ ಕೈಗೆ ಮತ್ತೆ ಕೊಡಬೇಡಿ.

ಮೆಟ್ಟು ಸವೆದಿದ್ದರೆ, ತುದಿ ಚುಚ್ಚುತ್ತಿದ್ದರೆ, ಟ್ರಸ್ ರಾಡ್ ಅಲುಗದಿದ್ದರೆ ಅನುಭವಿ ಕೆಲಸಗಾರರಿಗೇ ಒಪ್ಪಿಸುವುದು ವಿವೇಕ. ಉಳಿದುದನ್ನು ಒಂದು ಭಾನುವಾರ ಮಧ್ಯಾಹ್ನ ತಂದೆ ಮಕ್ಕಳು, ತಾಯಿ ಮಕ್ಕಳು ಜೊತೆಗೆ ಕುಳಿತು ಮಾಡಬಹುದು. ಇಷ್ಟಾದ ಮೇಲೂ ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಸರಿಯಾಗಿರುವ ವಾದ್ಯವನ್ನು ಬೇಡವೆನ್ನುವ ಹಕ್ಕು ಅದಕ್ಕುಂಟು. ಸರಿಯಿಲ್ಲದ ವಾದ್ಯವನ್ನು ಕೈಗೆ ಕೊಟ್ಟು, ಬಿಟ್ಟನೆಂದು ದೂರುವ ಹಕ್ಕು ಮಾತ್ರ ಹಿರಿಯರಾದ ನಮಗಿಲ್ಲ.