ಅಪ್ಪನ ಕಡೆಯ ಲೆಕ್ಕ

ವಿಜ್ಞಾನದ ಜತೆ ನನ್ನ ನಂಟು ಕನ್ನಡ ಶಾಲೆಯ ಹತ್ತನೆಯ ಇಯತ್ತೆಗೇ ಮುಗಿಯಿತು. ಈಗ ಕಾಮರ್ಸ್ ಓದುವವನು. ಆದರೂ ಈ ವಿಷಯ ಬರೀಲೇಬೇಕು ಅನ್ನಿಸಿದೆ.

ಹೋದ ವರ್ಷ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. "ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ?" ಎಂದು ಡಾಕ್ಟರು ಕೇಳಿದರು. "ನಮ್ಮ ತವರಲ್ಲಿ ಯಾರಿಗೂ ಇಲ್ಲ" ಎಂದಳು ಅಮ್ಮ. ಅಪ್ಪ ಗೋಡೆ ನೋಡುತ್ತ ಕೂತಿದ್ದರು. ಮನೆಗೆ ಬಂದ ಮೇಲೆ ಬಾಯಿಬಿಟ್ಟರು: ಅಜ್ಜಿಯೂ, ನಲವತ್ತು ದಾಟುವ ಮೊದಲೇ ಹೋದ ಅತ್ತೆಯೂ ಸತ್ತದ್ದು ಸ್ತನದ ಕ್ಯಾನ್ಸರಿನಿಂದ. ನಮಗೆ ಹೇಳಿದ್ದು ಕಾಮಾಲೆ ಅಂತ! "ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲಪ್ಪಾ" ಅನ್ನೋದು ಅವರ ಸಮಜಾಯಿಷಿ.

ನನಗೆ ತಿಳಿದಷ್ಟು ಹೇಳ್ತೇನೆ. ನಮ್ಮ ಜೀವಕೋಶದಲ್ಲಿ ತಪ್ಪು ತಿದ್ದುವ ಆಡಿಟರುಗಳಂಥ ಜೀನುಗಳಿವೆ. ಬಿಆರ್‌ಸಿಎ-1, ಬಿಆರ್‌ಸಿಎ-2 ಅಂಥವು. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಮುಂದೆಂದೋ ಒಂದು ಕೋಶದಲ್ಲಿ ಅದೂ ಕೈಕೊಟ್ಟರೆ ತಪ್ಪುಗಳು ಬೆಳೆಯುತ್ತ ಹೋಗಿ ಕ್ಯಾನ್ಸರ್ ಆಗಬಹುದು. ಕೆಟ್ಟ ಪ್ರತಿ ಮಗುವಿಗೆ ಬರುವ ಸಂಭವ ನೂರಕ್ಕೆ 50. ಗಂಡು, ಹೆಣ್ಣು ಎಂಬ ಭೇದವಿಲ್ಲ, ಅಪ್ಪನಿಂದಲೂ ಬರುತ್ತದೆ.

ಹಾಗಂತ ಎಲ್ಲ ಕ್ಯಾನ್ಸರೂ ಆನುವಂಶಿಕವಲ್ಲ; ನೂರರಲ್ಲಿ 5ರಿಂದ 10 ಮಾತ್ರ. ಜೀನು ಕೆಟ್ಟವರಿಗೆಲ್ಲ ರೋಗ ಬಂದೇ ಬರುತ್ತದೆ ಅಂತಲೂ ಇಲ್ಲ. ಆದರೆ ಗೊತ್ತಿದ್ದವರು ಚಿಕ್ಕ ವಯಸ್ಸಿನಿಂದಲೇ ವರ್ಷವರ್ಷ ತಪಾಸಣೆ ಮಾಡಿಸಿಕೊಳ್ಳಬಹುದು.

1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಇವುಗಳಲ್ಲಿ ಬಿಆರ್‌ಸಿಎ-1 ಜೀನು 17ನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. ಹೇಗೆ? 23 ಕುಟುಂಬಗಳ ಚರಿತ್ರೆ ಹಿಡಿದು. ಅವುಗಳಲ್ಲಿ 146 ಮಂದಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆ ಮನೆಗಳವರೂ ಕಾಮಾಲೆ ಎಂದಿದ್ದರೆ?

"ತಿಳಿದರೆ ಹೆದರಿಕೆ, ತಿಳಿಯದಿದ್ದರೆ ನೆಮ್ಮದಿ" ಅಂತೀರಾ? ಸಾಲ ಮುಚ್ಚಿಟ್ಟರೆ ಸಾಲ ತೀರುವುದಿಲ್ಲ, ಮಿತ್ರರೇ. ಸಂಬಂಧ ಕೂಡಿಸಲಿಕ್ಕೆ ಜಾತಕ ಮೂರು ತಲೆಮಾರು ಕೆದಕುತ್ತೇವೆ. ಅತ್ತೆ ಯಾತರಿಂದ ಸತ್ತಳು ಅಂತ ಸ್ವಂತ ಮಕ್ಕಳಿಗೆ ಹೇಳುವುದಿಲ್ಲ. ಇದೆಂಥ ಮರ್ಯಾದೆ?

ಅಕ್ಕನದು ಸಾದಾ ಗಂಟು ಎಂದು ಗೊತ್ತಾಯಿತು. ಜೀನಿನ ಪರೀಕ್ಷೆಗೆ ಮೊದಲು ಅಪ್ಪ ರಕ್ತ ಕೊಟ್ಟರೆ ಒಳ್ಳೇದು ಎಂದಿದ್ದಾರೆ ಡಾಕ್ಟರು. ಅವರಿನ್ನೂ ಒಪ್ಪಿಲ್ಲ. ಈ ಲೇಖನ ಅವರ ಕೈಗೂ ಕೊಡ್ತೇನೆ. ನೀವೂ ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ-ಅಜ್ಜಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಅಪ್ಪನ ಕಡೆಯದನ್ನೂ.