ಊರಿನ ದಾರಿಯಲ್ಲಿ ಇಳಿಯಬೇಕಾದ ಊರುಗಳು

ಪರೀಕ್ಷೆ ಮುಗಿದು ರಜೆ ಹತ್ತಿರ ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ‘ಊರಿಗೆ ಯಾವಾಗ?’ ಕರಾವಳಿಯವರು ರಿಸರ್ವೇಶನ್ ತೆರೆದ ದಿನವೇ ಮತ್ಸ್ಯಗಂಧಾ ರೈಲಿನ ಟಿಕೆಟಿಗೆ ಮುಗಿಬೀಳುತ್ತಾರೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರು ರಾತ್ರಿ ಬಸ್ಸು ಹಿಡಿಯುತ್ತಾರೆ. ಊರಿನಲ್ಲಿ ಮದುವೆ, ಮುಂಜಿ, ಜಾತ್ರೆ, ಕೋಲ, ಮನೆದೇವರಿಗೆ ಹಣ್ಣುಕಾಯಿ. ಆಮೇಲೆ ಮತ್ತದೇ ದಾರಿಯಲ್ಲಿ ವಾಪಸು. ಈ ಪದ್ಧತಿ ತಲೆಮಾರುಗಳಿಂದ ನಮ್ಮ ನಂಟನ್ನು ಕಾಪಾಡಿದೆ, ಅದು ಮುಂದುವರಿಯಲೇಬೇಕು. ಆದರೆ ಮುಂಬಯಿಗೂ ಊರಿಗೂ ನಡುವೆ ಸಹ್ಯಾದ್ರಿಯ ಕಾಡುಗಳಿವೆ, ಕಾಡಂಚಿನ ಸಣ್ಣ ಪೇಟೆಗಳಿವೆ. ಅವನ್ನು ನಾವು ನಿದ್ದೆಗಣ್ಣಲ್ಲಿ ದಾಟಿಬಿಡುತ್ತೇವೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಜ್ಜನ ಮನೆ ಗೊತ್ತು; ಆ ಮನೆಯ ಬಾವಿಗೆ ನೀರು ಕೊಡುವ ಬೆಟ್ಟ ಗೊತ್ತಿಲ್ಲ. ನಮ್ಮ ಸಂಘದ ಈ ವರ್ಷದ ಸ್ಮರಣ ಸಂಚಿಕೆಯನ್ನು ಪ್ರವಾಸಕ್ಕೆ ಮೀಸಲಿಟ್ಟಿರುವುದು ಈ ಕಾರಣಕ್ಕೆ.

ನಮ್ಮ ಹಿರಿಯರಿಗೆ ದಾರಿಯ ಪರಿಚಯ ಚೆನ್ನಾಗಿತ್ತು. ಹಡಗಿನಲ್ಲಿ ಬಂದವರಿಗೆ ಕೊಂಕಣದ ಬಂದರುಗಳು ಒಂದೊಂದಾಗಿ ಕಾಣುತ್ತಿದ್ದವು. ಘಟ್ಟದ ಬಸ್ಸಿನಲ್ಲಿ ಬಂದವರು ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರಗಳ ಚಹಾ ಕುಡಿದು ಅಂಕೋಲೆಗೆ ಇಳಿಯುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದ ಮೇಲೆ ಮಧ್ಯಾಹ್ನ ಕುರ್ಲಾ ಬಿಟ್ಟವರು ಮರುದಿನ ಬೆಳಿಗ್ಗೆ ಉಡುಪಿಯಲ್ಲಿರುತ್ತಾರೆ. ಇದು ದೊಡ್ಡ ಉಪಕಾರವೇ. ಆದರೂ ಕಾಳಿ ನದಿಯ ಸೇತುವೆಯನ್ನು ರೈಲು ದಾಟುವ ಹೊತ್ತಿಗೆ ಬೋಗಿಯ ದೀಪಗಳೆಲ್ಲ ಆರಿರುತ್ತವೆ.

ನೋಡುವ ಅಭ್ಯಾಸವನ್ನು ನಾವಿರುವ ಊರಿನಿಂದಲೇ ಶುರು ಮಾಡಬಹುದು. ಬೊರಿವಲಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 104 ಚದರ ಕಿಲೋಮೀಟರಿನ ಈ ಕಾಡು ಮಹಾನಗರದ ಹೊಟ್ಟೆಯೊಳಗೇ ಉಳಿದುಕೊಂಡಿದೆ. ಚಿರತೆಗಳು ಇಲ್ಲಿ ಮರಿ ಹಾಕುತ್ತವೆ, ವಾರ್ಲಿ ಆದಿವಾಸಿಗಳ ಪಾಡಾಗಳು (ಹಾಡಿಗಳು) ಇಲ್ಲಿವೆ. 1860ರಲ್ಲಿ ಪೂರ್ಣಗೊಂಡ ವಿಹಾರ್ ಕೆರೆ, 1879ರ ತುಳಸಿ ಕೆರೆ ಎರಡೂ ಇವತ್ತಿಗೂ ನಗರಕ್ಕೆ ನೀರು ಕೊಡುತ್ತಿವೆ.

ಈ ಕಾಡಿನ ನಡುವಿನ ಕಾನ್ಹೇರಿಗೆ ಕನ್ನಡಿಗರು ಒಮ್ಮೆಯಾದರೂ ಹೋಗಲೇಬೇಕು. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಅಲ್ಲಿವೆ. ಗುಹೆಯ ಬಾಗಿಲ ಬದಿಯಲ್ಲಿ ಬಗ್ಗಿ ನೋಡಿ: ಮಳೆನೀರು ಹರಿದುಬರಲು ಬಂಡೆಯಲ್ಲೇ ಕೊರೆದ ಸಣ್ಣ ಕಾಲುವೆ, ಅದರ ಕೊನೆಗೆ ನೀರಿನ ತೊಟ್ಟಿ. ಮಳೆಗಾಲದ ನೀರನ್ನು ಭಿಕ್ಷುಗಳು ಬೇಸಿಗೆಗೆ ಕೂಡಿಟ್ಟ ಬಗೆ ಅದು. ಗುಹೆಗಳಿಗೂ ತೊಟ್ಟಿಗಳಿಗೂ ದಾನ ಕೊಟ್ಟವರಲ್ಲಿ ಕಲ್ಯಾಣದವರೂ ಸೋಪಾರದವರೂ ಇದ್ದರೆಂದು ಅಲ್ಲಿನ ಶಾಸನಗಳೇ ಹೇಳುತ್ತವೆ. ಇಂದು ಕಲ್ಯಾಣದಲ್ಲಿ, ನಾಲಾಸೋಪಾರದಲ್ಲಿ ಮನೆ ಮಾಡಿರುವ ನಮ್ಮ ಸದಸ್ಯರು ಇದನ್ನು ಮಕ್ಕಳಿಗೆ ತೋರಿಸಿ ಹೇಳಬೇಕು. ಒಂಬತ್ತನೆಯ ಶತಮಾನದ ಶಾಸನಗಳಲ್ಲಂತೂ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರು ತಮ್ಮ ಸಾರ್ವಭೌಮನೆಂದು ಹೆಸರಿಸಿರುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗ ಹುಟ್ಟಿದ್ದು ಅದೇ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಲೋಕಲ್ ರೈಲಿನ ದೂರದಲ್ಲಿ ಇಂಥದ್ದೊಂದು ತಾಣ ಇರುವಾಗ ರಜೆ ಸಿಕ್ಕಿದರೆ ಮಾಲ್‌ಗೆ ಓಡುವುದು ನಮಗೆ ಸಲ್ಲದು.

ಇನ್ನು ಊರಿನ ದಾರಿಗೆ ಬರೋಣ. ಬೆಳಗಾವಿಯಲ್ಲೋ ಧಾರವಾಡದಲ್ಲೋ ಇಳಿದು ದಾಂಡೇಲಿಗೆ ಬಸ್ಸು ಹತ್ತಿ. ಕಾಗದದ ಕಾರ್ಖಾನೆಯ ಈ ಪೇಟೆಗೆ ತಾಗಿಕೊಂಡೇ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಆದ ಈ ಪ್ರದೇಶಕ್ಕೆ 2015ರಲ್ಲಿ ನದಿಯ ಹೆಸರು ಬಂತು. ಹುಲಿ ಕಂಡರೆ ಅದು ಅದೃಷ್ಟ. ಮಂಗಟ್ಟೆ ಹಕ್ಕಿಯನ್ನು ಮಾತ್ರ ತಾಳ್ಮೆಯಿದ್ದರೆ ನೋಡಿಯೇ ಬರಬಹುದು. ಬೇಸಿಗೆಗೆ ಮುನ್ನ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಗೆ ಹೊಕ್ಕು, ಕೊಕ್ಕು ಮಾತ್ರ ಹೊರಬರುವಷ್ಟು ಸಂದು ಉಳಿಸಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಕ್ಕಿ ಅತ್ತಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಆ ಸಂದಿನಲ್ಲಿ ಒಂದೊಂದಾಗಿ ಉಣಿಸುತ್ತದೆ. ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರವೂ ಉಳಿಯುವುದು ಕಷ್ಟ. ಒಂದು ಮುದಿಮರ ಕಡಿದರೆ ಏನು ಹೋಗುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಬೇರೆ ಪಾಠ ಬೇಡ.

ಅಲ್ಲಿಂದ ಮುಂದೆ ಜೋಯಿಡಾ ತಾಲ್ಲೂಕು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅದರ ಹಿನ್ನೀರಿನಲ್ಲಿ ಮುಳುಗಿದ ಸೂಪಾ ಪೇಟೆಯ ಜನ ರಾಮನಗರಕ್ಕೆ ಬಂದು ಬದುಕು ಕಟ್ಟಿಕೊಂಡರು. ಹೊಟ್ಟೆಪಾಡಿಗೆ ನೆಲ ಬಿಟ್ಟು ಬಂದವರ ಮಕ್ಕಳಾದ ನಮಗೆ ಆ ನೋವು ಅರ್ಥವಾಗದ್ದಲ್ಲ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳ ರುಚಿಯನ್ನು ಅಲ್ಲೇ ಕೂತು ನೋಡಬೇಕು. ಕಾಡಿನ ನಡುವೆ ಉಳವಿ ಇದೆ. ಬಸವಕಲ್ಯಾಣದ ಕ್ರಾಂತಿಯ ನಂತರ ಶರಣರೊಂದಿಗೆ ಬಂದ ಚೆನ್ನಬಸವಣ್ಣನವರು ಐಕ್ಯರಾದ ಸ್ಥಳ. ಜಾತ್ರೆಗೆ ಉತ್ತರ ಕರ್ನಾಟಕದ ರೈತರು ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಣಶಿ ಘಟ್ಟ ಇಳಿದರೆ ಕಾರವಾರ. ಅಲ್ಲಿ ಮತ್ತೆ ನಮ್ಮ ರೈಲು.

ಕಾರ್ಕಳ, ಬೆಳ್ತಂಗಡಿಯ ಕಡೆಯ ಸದಸ್ಯರ ಮನೆಯ ಹಿಂದೆಯೇ ಕುದುರೆಮುಖವಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ 600 ಚದರ ಕಿಲೋಮೀಟರಿನ ಈ ಮಳೆಯ ಸೀಮೆಯಲ್ಲಿ ಬೆಟ್ಟದ ನೆತ್ತಿಯ ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಮೆಲ್ಲಗೆ ಹೊಳೆಗೆ ಬಿಡುವುದು ಇವೆರಡೂ ಸೇರಿ. ತುಂಗಾ, ಭದ್ರಾ, ನೇತ್ರಾವತಿ ಈ ಬೆಟ್ಟಸಾಲಿನ ಮಕ್ಕಳು. ಅದಿರು ತೆಗೆದ ಬೆಟ್ಟದ ಕೆಸರು ಭದ್ರೆಯನ್ನು ಸೇರುತ್ತಿದೆಯೆಂದು ಜನ ವರ್ಷಗಟ್ಟಲೆ ಹೋರಾಡಿದರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬಂಟ್ವಾಳದವರು ಕುಡಿಯುವ ನೀರೂ ಗಂಗಾವತಿಯ ಗದ್ದೆಗೆ ಹರಿಯುವ ನೀರೂ ಹುಟ್ಟುವುದು ಇಲ್ಲಿಯೇ. ಕರಾವಳಿಯವರು, ಬಯಲುಸೀಮೆಯವರು ಎಂಬ ಭೇದ ನಮ್ಮ ಸಂಘದ ಸಭೆಗಳಲ್ಲಿ ತಲೆಯೆತ್ತಿದಾಗಲೆಲ್ಲ ಈ ಬೆಟ್ಟವನ್ನು ನೆನೆಯುವುದು ಒಳ್ಳೆಯದು.

ಕಾಡಿಗೆ ಹೋಗುವಾಗ ಕೆಲವು ಮಾತುಗಳು ನೆನಪಿರಲಿ. ಧ್ವನಿವರ್ಧಕ, ಗುಂಡುಪಾರ್ಟಿ ಬೇಡ. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಮಂಗಗಳಿಗೆ ಬಿಸ್ಕತ್ತು ಎಸೆಯಬೇಡಿ. ಬಂಡೀಪುರದ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದು ಪ್ರಾಣಿಗಳ ಜೀವ ಉಳಿಸಲಿಕ್ಕೆ. ಗೇಟಿನಲ್ಲಿ ಕಾಯಬೇಕಾದರೆ ಗೊಣಗಬೇಡಿ. ದೊಡ್ಡ ರೆಸಾರ್ಟಿಗಿಂತ ಊರಿನವರ ಹೋಮ್‌ಸ್ಟೇಯಲ್ಲಿ ಉಳಿಯಿರಿ, ಅಲ್ಲಿನ ಖಾನಾವಳಿಯಲ್ಲಿ ಉಣ್ಣಿರಿ. ನಮ್ಮ ಖರ್ಚಿನ ನಾಲ್ಕು ಕಾಸು ಕಾಡು ಕಾಯುವ ಜನರ ಕೈ ಸೇರಲಿ.

ಮಹಾರಾಷ್ಟ್ರದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2018ರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ ಹುಲಿಯೊಂದು 2020ರಲ್ಲಿ ನಮ್ಮ ಕಾಳಿಯ ಕಾಡಿನಲ್ಲಿ ಕಾಣಿಸಿಕೊಂಡಿತು. ಎರಡೂ ರಾಜ್ಯಗಳ ಕಾಡು ಇನ್ನೂ ಪೂರ್ತಿ ಕಡಿದುಹೋಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಎರಡೂ ರಾಜ್ಯಗಳ ಋಣ ಹೊತ್ತ ಮುಂಬಯಿ ಕನ್ನಡಿಗರು ಈ ಕಾಡಿನ ಪರವಾಗಿ ಇಲ್ಲಿಯೂ ಅಲ್ಲಿಯೂ ದನಿಯೆತ್ತಬೇಕು. ಕಣ್ಣಾರೆ ಕಂಡವರ ಮಾತಿಗೆ ಹೆಚ್ಚು ಬಲ.

ನಮ್ಮ ಕೋರಿಕೆ ಇಷ್ಟೇ: ಮುಂದಿನ ಸಲ ಊರಿಗೆ ಟಿಕೆಟು ತೆಗೆಯುವಾಗ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ನಡುವಿನ ಒಂದು ಸ್ಟೇಷನ್ನಿನಲ್ಲಿ ಮಕ್ಕಳೊಂದಿಗೆ ಇಳಿಯಿರಿ. ಅಲ್ಲಿ ಕಂಡದ್ದನ್ನು ಆ ಮಕ್ಕಳು ಕನ್ನಡದಲ್ಲಿ ಬರೆಯಲಿ. ಮುಂದಿನ ಸ್ಮರಣ ಸಂಚಿಕೆಯ ಮೊದಲ ಪುಟಗಳು ಅವರಿಗೆ ಮೀಸಲು.

— ಸಂಪಾದಕ ಮಂಡಳಿಯ ಪರವಾಗಿ