ಒಂದು ಕೊಂಬೆಗೆ ಊರೇಕೆ ಕತ್ತಲು?

ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ಮೋಡ ಕಪ್ಪುಗಟ್ಟಿದರೆ ಮೈಸೂರಿನಲ್ಲಿ ಸೆಸ್ಕ್‌ಗೆ ಬೈಗುಳ ಶುರುವಾಗುತ್ತದೆ. ತಾಯಿ ಚಾಮುಂಡೇಶ್ವರಿಯ ಹೆಸರಿಟ್ಟುಕೊಂಡ ವಿದ್ಯುತ್ ನಿಗಮವಾದರೂ ರಿಯಾಯಿತಿಯಿಲ್ಲ. ಬೈಯುವವರ ಮಾತುಗಳನ್ನು ಒಂದೊಂದಾಗಿ ನೋಡೋಣ.

“ನಾಲ್ಕು ಹನಿ ಬಿದ್ದರೆ ಸಾಕು, ಬೇಕೆಂದೇ ಆರಿಸುತ್ತಾರೆ.” ಹೆಚ್ಚಿನ ಸಲ ಆರಿಸುವುದು ಮನುಷ್ಯನಲ್ಲ, ರಿಲೇ. ಕೊಂಬೆ ತಾಗಿದಾಗ, ಸಿಡಿಲು ಬಡಿದಾಗ, ಗಾಳಿಗೆ ತಂತಿಗಳು ಒಂದಕ್ಕೊಂದು ತಾಕಿದಾಗ ಲೈನಿನಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ನುಗ್ಗುತ್ತದೆ. ರಿಲೇ ಅದನ್ನು ಕಂಡು ಬ್ರೇಕರ್ ತೆರೆಯದಿದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಇಲ್ಲವೇ ಹರಿದ ತಂತಿ ರಸ್ತೆಯ ಮೇಲೆ ಕರೆಂಟು ಹೊತ್ತೇ ಬಿದ್ದಿರುತ್ತದೆ. ಕೈಯಾರೆ ಆರಿಸುವುದೂ ಉಂಟು, ಕಂಬ ಹತ್ತಿದ ಲೈನ್‌ಮನ್‌ನ ಜೀವ ಉಳಿಯಬೇಕಲ್ಲ!

“ಸರಿ, ಆ ಬೀದಿ ಮಾತ್ರ ಕತ್ತಲಾಗಲಿ, ಊರಿಗೆ ಊರೇ ಏಕೆ?” ಇದು ನಿಜವಾದ ಪ್ರಶ್ನೆ. ಬೀದಿಯ ಲೈನ್ ಕೆಟ್ಟರೆ ಕತ್ತಲು ಅಲ್ಲಿಗೆ ಕರೆಂಟು ತರುವ ಫೀಡರ್‌ಗೇ ಮುಗಿಯುತ್ತದೆ. ಕೆಟ್ಟದ್ದು ಸಬ್‌ಸ್ಟೇಷನ್ನಿಗೆ ಬರುವ 66 ಕೆವಿ ಲೈನಾಗಿದ್ದು ಬೇರೆ ದಾರಿ ಇಲ್ಲದಿದ್ದರೆ, ಅದರಡಿಯ ಫೀಡರ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ. ಆ ಲೈನ್ ಸೆಸ್ಕ್‌ನದಲ್ಲ, ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನದು. ಬೈಗುಳದ ವಿಳಾಸವೇ ತಪ್ಪು. ಇನ್ನೂ ಮೇಲೆ, 400 ಕೆವಿಯಲ್ಲಿ, ಟ್ರಿಪ್ ಆದ ಲೈನಿನ ಹೊರೆ ಕ್ಷಣಾರ್ಧದಲ್ಲಿ ಉಳಿದ ಲೈನುಗಳ ಮೇಲೆ ಬೀಳುತ್ತದೆ. ಅವು ಮೊದಲೇ ತುಂಬಿದ್ದರೆ ಅವೂ ಸರದಿಯಂತೆ ಕೈಬಿಡುತ್ತವೆ. 2012ರ ಜುಲೈ 30ರಂದು ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆಗಿ ಉತ್ತರ ಗ್ರಿಡ್ ಕುಸಿದದ್ದು ಹೀಗೆ. ಮರುದಿನ ಪೂರ್ವ, ಈಶಾನ್ಯ ಗ್ರಿಡ್‌ಗಳೂ ಸೇರಿ 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟಿರಲಿಲ್ಲ. ಬಿರುಗಾಳಿಯ ನೆವವೂ ಅಲ್ಲಿರಲಿಲ್ಲ. ನಾವು ಪಾರಾದದ್ದು ಜಾಣತನದಿಂದಲ್ಲ. ದಕ್ಷಿಣ ಗ್ರಿಡ್ ಆಗಿನ್ನೂ ಅವುಗಳೊಂದಿಗೆ ಒಂದೇ ಲಯದಲ್ಲಿ ಓಡುತ್ತಿರಲಿಲ್ಲ. ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ನಮ್ಮನ್ನು ಜೋಡಿಸಿದ್ದು 2013ರ ಡಿಸೆಂಬರ್ 31ರಂದು. ಗಾಳಿಯದೇ ನಿದರ್ಶನ ಬೇಕೆಂದರೆ 2016ರ ಸೆಪ್ಟೆಂಬರ್ 28ರ ದಕ್ಷಿಣ ಆಸ್ಟ್ರೇಲಿಯ ಇದೆ: ಸುಂಟರಗಾಳಿಗೆ ಟವರ್‌ಗಳು ಉರುಳಿದವು, ವೋಲ್ಟೇಜ್ ಮತ್ತೆ ಮತ್ತೆ ಕುಸಿದು ಹಲವು ಗಾಳಿಯಂತ್ರಗಳು ಉತ್ಪಾದನೆ ತಗ್ಗಿಸಿದವು, ಕೊರತೆ ತುಂಬಲು ಹೋಗಿ ಪಕ್ಕದ ರಾಜ್ಯದ ಕೊಂಡಿಯೂ ಕಳಚಿತು. ಇಡೀ ರಾಜ್ಯಕ್ಕೆ ಕತ್ತಲು.

“ಎಲ್ಲವನ್ನೂ ನೆಲದೊಳಗೆ ಹಾಕಿ.” ಕಿಕ್ಕಿರಿದ ಪೇಟೆಗಳಲ್ಲಿ ಹಾಕಲಿ, ಒಳ್ಳೆಯದೇ. ಆದರೆ 2021ರ ಮಳೆಗೆ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆಯೇ ಕುಸಿದದ್ದು ಮರೆತುಹೋಯಿತೆ? ಮಣ್ಣು ಜಾರಿದರೆ ಕೇಬಲ್ ಉಳಿಯುವುದಿಲ್ಲ. ಕಂಬದ ಮೇಲಿನ ದೋಷ ಕಣ್ಣಿಗೆ ಕಾಣುತ್ತದೆ, ನೆಲದಡಿಯದನ್ನು ಹುಡುಕಿ ಅಗೆಯಬೇಕು.

“ನಮ್ಮ ತಾರಸಿಯಲ್ಲಿ ಸೋಲಾರ್ ಇದೆ, ಯೋಚನೆಯಿಲ್ಲ.” ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ, ಇಲ್ಲದಿದ್ದರೆ ಅದು ಲೈನಿಗೆ ಹರಿದು ಮತ್ತದೇ ಲೈನ್‌ಮನ್‌ಗೆ ಹೊಡೆಯುತ್ತದೆ.

“ಮಹಾರಾಜರ ಕಾಲದಲ್ಲಿ ಹೀಗಿರಲಿಲ್ಲ.” ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, ಮೈಸೂರಿಗೆ ಬಂದದ್ದು 1908ರಲ್ಲಿ. ಆಗ ಆರಲು ಎಷ್ಟು ಮನೆಯಲ್ಲಿ ದೀಪವಿತ್ತು, ಸ್ವಾಮಿ?

ಬೈಯಲೇಬೇಕೆಂದರೆ ಮಾರ್ಚ್‌ನಲ್ಲೇ ಬೈಯಿರಿ. ಲೈನಿಗೆ ಚಾಚಿದ ಕೊಂಬೆಗಳನ್ನು ಮಳೆಗೆ ಮುಂಚೆ ಸವರಿದ್ದೀರಾ, ನಮ್ಮ ಸಬ್‌ಸ್ಟೇಷನ್ನಿಗೆ ಎರಡನೆಯ ಲೈನ್ ಇದೆಯಾ ಎಂದು ಕೇಳಿ. 2003ರ ಆಗಸ್ಟ್‌ 14ರಂದು ಅಮೆರಿಕ, ಕೆನಡಾಗಳಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂರಲು ಒಂದು ಮುಖ್ಯ ಕಾರಣ, ಓಹಿಯೋದಲ್ಲಿ ಲೈನಿನಡಿ ಸವರದೆ ಬಿಟ್ಟ ಮರಗಳು.